ಇಳಕಲ್ ದಾರಿಯ ಕಾಕಾ ಅವರಿಗೆ

ಯುಗಾದಿಗೆ ಶ್ರೀಶೈಲ ಮುಟ್ಟಬೇಕೆಂದು ನಾನೂ ನನ್ನ ಮಗನೂ ಬಾಗಲಕೋಟೆಯಿಂದ ಮಲ್ಲಯ್ಯನ (ಮಲ್ಲಿಕಾರ್ಜುನನ) ಕಂಬಿಯನ್ನು ಹೆಗಲ ಮೇಲೆ ಹೊತ್ತು ನಡೆಯುವ ಪಾದಯಾತ್ರೆಯವರ ಜೊತೆ ಹೊರಟಿದ್ದೆವು. ಹುನಗುಂದ ದಾಟಿ ಇಳಕಲ್ ಕಡೆ ನಡೆಯುವಾಗ ಅವನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಡಾಂಬರು ಕಾದ ಹಂಚಿನಂತಿತ್ತು. ಜೊತೆಯವರು ಆಗಲೇ ಮುಂದೆ ಹೋಗಿಬಿಟ್ಟಿದ್ದರು.

ಆಗ ಬೈಕ್ ನಿಲ್ಲಿಸಿದವರು ನೀವು. ದಾರಿಯುದ್ದಕ್ಕೂ ಪೆಂಡಾಲು ಹಾಕಿ ಊಟ, ಮಜ್ಜಿಗೆ ಕೊಡುವವರು ಬಹಳ ಜನ ಇದ್ದಾರೆ, ಅವರಿಗೆಲ್ಲ ಶರಣು. ಆದರೆ ನೀವು ಸುಮ್ನೆ ಹೊಲಕ್ಕೆ ಹೊರಟವರು, ಅಲ್ವಾ? ಮಗನನ್ನು ಬೇವಿನ ನೆರಳಲ್ಲಿ ಕೂರಿಸಿ, ಕಾಲಿಗೆ ನೀರು ಹಾಕಿದಿರಿ. ಸೈಕಲ್ ಟ್ಯೂಬಿನ ತುಂಡು ಕೊಯ್ದು ಉಂಗುಷ್ಟ ಮಾಡಿಕೊಟ್ಟಿರಿ. "ಬೆಳಗಿನ ಜಾವಾನ ಹೊಂಡ್ರಿ, ಹತ್ತರೊಳಗ ನೆರಳು ಹಿಡೀರಿ" ಅಂದಿರಿ. ಒಂದು ಬಿದಿರಿನ ಕೋಲನ್ನೂ ಕೊಟ್ಟಿರಿ. ಅದೇನು ಬೇಡ ಅಂತ ನನಗೆ ಅನಿಸಿತ್ತು. ವೆಂಕಟಾಪುರದಿಂದ ನಲ್ಲಮಲ ಕಾಡು ಹೊಕ್ಕು, ನಾಗಲೂಟಿ, ಪೆಚ್ಚೆರುವು ದಾಟಿ, ಭೀಮನಕೊಳ್ಳದ ಏರು ಹತ್ತುವಾಗ ಅದರ ಬೆಲೆ ತಿಳಿಯಿತು. ಕೈಲಾಸದ್ವಾರದವರೆಗೆ ಮಗ ಅದನ್ನು ನನ್ನ ಕೈಗೂ ಕೊಡಲಿಲ್ಲ!

ದುಡ್ಡು ಕೊಡಲು ಹೋದರೆ ಸಿಟ್ಟಾದಿರಿ. ಹೆಸರು ಕೇಳಿದರೆ, "ಮಲ್ಲಯ್ಯನ ಹೆಸರು ತಗೋರಿ, ನಂದ್ಯಾಕ" ಅಂತ ನಕ್ಕು ಹೊರಟೇಬಿಟ್ಟಿರಿ.

ಟ್ಯೂಬಿನ ಉಂಗುಷ್ಟ ಶ್ರೀಶೈಲದವರೆಗೂ ಬಾಳಿತು, ಕಾಕಾ. ಆ ಕಡೆಯ ಹಳ್ಳಿಯವರು ಯಾರಾದರೂ ಇವರನ್ನು ಗುರುತಿಸಿದರೆ, ಈ ತಾಯಿ ಮಗನ ಶರಣು ದಯವಿಟ್ಟು ಮುಟ್ಟಿಸಿ.