ಒಂದೇ ಪಂದ್ಯಕ್ಕೆ ಮುಗಿದುಹೋಗುವ ಕಾಲೇಜು ಬ್ಯಾಸ್ಕೆಟ್‌ಬಾಲ್

ಮಾನ್ಯ ಸಂಪಾದಕರೆ,

ತಿಂಗಳುಗಟ್ಟಲೆ ಬೆಳಿಗ್ಗೆ ಆರಕ್ಕೇ ಕೋರ್ಟಿಗಿಳಿದು ಅಭ್ಯಾಸ ಮಾಡಿದ ಪುರುಷರ ತಂಡ ಅಂತರ ಕಾಲೇಜು ಟೂರ್ನಿಗೆ ಹೋಗುತ್ತದೆ, ಮೊದಲ ಪಂದ್ಯ ಸೋಲುತ್ತದೆ, ಮಧ್ಯಾಹ್ನದ ಬಸ್ಸಿಗೆ ಊರಿಗೆ ವಾಪಸು. ಆ 12 ಹುಡುಗರಿಗೆ ಇಡೀ ವರ್ಷದ ಸೀಸನ್ ಎಂದರೆ 40 ನಿಮಿಷದ ಆಟ. ಕ್ರೀಡಾ ವಿಭಾಗಗಳು ಮುಂದಿನ ವೇಳಾಪಟ್ಟಿ ಹಾಕುವ ಮೊದಲೇ ಇದನ್ನು ಬದಲಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಹೆಚ್ಚಿನ ಕಡೆ ಈಗ ನಡೆಯುವುದು ನಾಕೌಟ್ ಕಂ ಲೀಗ್, ಎಂದರೆ ಮೊದಲು ಸೋತವರು ಹೊರಗೆ, ಕೊನೆಗೆ ಉಳಿದವರು ಪರಸ್ಪರ ಎಲ್ಲರೊಡನೆಯೂ ಆಡುವುದು. 16 ತಂಡ ಬಂದರೆ ಎಂಟು ತಂಡ ಒಂದೇ ಪಂದ್ಯಕ್ಕೆ, ಇನ್ನು ನಾಲ್ಕು ಎರಡು ಪಂದ್ಯಕ್ಕೆ ಮನೆಗೆ. ಉಳಿದ ನಾಲ್ಕು ತಂಡಗಳು ಮಾತ್ರ ಲೀಗ್ ಆಡಿ ಐದೈದು ಪಂದ್ಯ ಕಾಣುತ್ತವೆ. ಯಾರಿಗೆ ಆಟದ ಅನುಭವ ಬೇಕಾಗಿದೆಯೋ ಅವರಿಗೇ ಅದು ಸಿಗುವುದಿಲ್ಲ. ನಷ್ಟ ಸಣ್ಣ ಕಾಲೇಜುಗಳಿಗಷ್ಟೇ ಅಲ್ಲ. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ತಂಡ ಆರಿಸುವವರು ಬೇಗ ಸೋತ ತಂಡದ ಒಳ್ಳೆಯ ಆಟಗಾರನನ್ನು ನೋಡುವುದು ಒಂದೇ ಸಲ. ಮೊದಲ ಕ್ವಾರ್ಟರಿನಲ್ಲೇ ಮೂರು ಫೌಲ್ ಮಾಡಿ ಅವನು ಬೆಂಚಿನಲ್ಲಿ ಕೂತರೆ ಆ ಅವಕಾಶವೂ ಹೋಯಿತು.

ನಾಲ್ಕು ತಂಡಗಳ ನಾಲ್ಕು ಗುಂಪು ಮಾಡಿ. ಗುಂಪಿಗೆ ಆರರಂತೆ 24 ಪಂದ್ಯ, ಗುಂಪು ಗೆದ್ದ ನಾಲ್ವರ ಲೀಗಿಗೆ ಮತ್ತೆ ಆರು. ಒಟ್ಟು 30 ಪಂದ್ಯ, ಎಂದರೆ ಈಗಿನ 18ಕ್ಕಿಂತ 12 ಹೆಚ್ಚು. ಟೈಮ್‌ಔಟ್, ವಿರಾಮ ಸೇರಿ ಪಂದ್ಯಕ್ಕೆ ಒಂದೂವರೆ ಗಂಟೆ ಹಿಡಿದರೂ ಎರಡು ಕೋರ್ಟ್ ಇದ್ದಲ್ಲಿ ಹೆಚ್ಚಿಗೆ ಬೇಕಾಗುವುದು ಒಂದೂವರೆ ದಿನ. ಒಂದೇ ಕೋರ್ಟ್ ಇದ್ದರೆ ಗುಂಪಿನ ಪಂದ್ಯಗಳನ್ನು ಒಂದು ವಾರ ಮೊದಲೇ ಬೇರೆ ಬೇರೆ ಕಾಲೇಜುಗಳಲ್ಲಿ ಆಡಿಸಬಹುದು. ಒಂದು ತಂಡಕ್ಕೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಪಂದ್ಯ ಮಾತ್ರ ಬೇಡ. ಸಿಮೆಂಟ್ ನೆಲದಲ್ಲಿ ಮೂರನೆಯ ಪಂದ್ಯಕ್ಕೆ ಇಳಿದವನ ಮಂಡಿ, ಹಿಮ್ಮಡಿ ತಡೆಯುವುದಿಲ್ಲ.

ಲೀಗಿನಲ್ಲಿ ಜಗಳ ಹುಟ್ಟುವುದು ಅಂಕ ಸಮವಾದಾಗ. ಗೆದ್ದರೆ 2, ಸೋತರೆ 1, ಬಾರದೇ ಹೋದರೆ 0 ಎಂಬುದು ಎಲ್ಲರಿಗೂ ಗೊತ್ತು. ಮೂರು ತಂಡ ಸಮವಾದರೆ ಎಲ್ಲ ಪಂದ್ಯಗಳ ಗೆಲುವು ಸೋಲಿನ ಪಾಯಿಂಟ್ ಅಂತರ ಕೂಡಿಸಿಬಿಡುವ ತಪ್ಪು ಪದೇ ಪದೇ ಆಗುತ್ತಿದೆ. ಮೊದಲು ಲೆಕ್ಕಕ್ಕೆ ಹಿಡಿಯಬೇಕಾದದ್ದು ಆ ಮೂರೂ ತಂಡಗಳು ತಮ್ಮತಮ್ಮಲ್ಲಿ ಆಡಿದ ಪಂದ್ಯಗಳನ್ನು. ಇಲ್ಲವಾದರೆ ಎಲ್ಲರೂ ಗುಂಪಿನ ದುರ್ಬಲ ತಂಡದ ಮೇಲೆ ಬಿದ್ದು 60, 70 ಅಂತರಕ್ಕೆ ಆಡುತ್ತಾರೆ. ನಿಯಮವನ್ನು ಫಿಕ್ಸ್ಚರ್ (ಪಂದ್ಯಗಳ ವೇಳಾಪಟ್ಟಿ) ಹಾಳೆಯಲ್ಲೇ ಬರೆದು ಕೊಡಿ.

ಪಂದ್ಯ ಹೆಚ್ಚಿಸಿದರೆ ಸಾಲದು, ಕೋರ್ಟೂ ಸರಿಯಿರಬೇಕು. 2010ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ, ಹೊರಗಿನಿಂದ ಎಸೆದು ಹಾಕಿದರೆ ಮೂರು ಪಾಯಿಂಟ್ ಸಿಗುವ ಗೆರೆಯನ್ನು 6.25ರಿಂದ 6.75 ಮೀಟರಿಗೆ ಸರಿಸಿತು. ಬೋರ್ಡಿನ ಮುಂದಿನ ಆವರಣ 4.9 ಮೀಟರ್ ಅಗಲದ ಆಯತವಾಯಿತು. ಇಷ್ಟು ವರ್ಷವಾದರೂ ಹಳೆಯ ಗೆರೆಗಳ ಮೇಲೇ ಬಣ್ಣ ಬಳಿಯುತ್ತಿರುವ ಕಾಲೇಜು ಮೈದಾನಗಳಿವೆ. ಹಳೆಯ ಆವರಣ ಫ್ರೀ ಥ್ರೋ (ಫೌಲಿಗೆ ಸಿಗುವ ಎಸೆತ) ಗೆರೆಯ ಹತ್ತಿರ 3.6 ಮೀಟರ್ ಮಾತ್ರ ಇತ್ತು. ಅದರ ಹೊರಗೆ ನಿಂತು ಪಾಸ್ ತೆಗೆದುಕೊಳ್ಳುವ ಅಭ್ಯಾಸವಾದ ಹುಡುಗ ಹೊಸ ಕೋರ್ಟಿನಲ್ಲಿ ಒಳಗೇ ನಿಂತಿರುತ್ತಾನೆ. ಮೂರು ಸೆಕೆಂಡಿಗಿಂತ ಹೆಚ್ಚು ಆವರಣದೊಳಗೆ ನಿಂತದ್ದಕ್ಕೆ ಸೀಟಿ ಬಿದ್ದಾಗ ಯಾಕೆಂದೇ ಅವನಿಗೆ ತಿಳಿಯುವುದಿಲ್ಲ. ಹೊರಗಿನಿಂದ ಎಸೆಯುವವನ ಚೆಂಡು ಅರ್ಧ ಮೀಟರ್ ಮೊದಲೇ ಇಳಿದು ರಿಂಗಿನ ಮುಂದಿನ ಅಂಚಿಗೆ ಬಡಿಯುತ್ತದೆ.

ಗೆರೆ ಹಾಕಲು ಗುತ್ತಿಗೆದಾರರೇನೂ ಬೇಡ. ರಿಂಗಿನ ನಡುವಿನಿಂದ ತೂಕದ ದಾರ ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ. ಅದು ಎಂಡ್ ಲೈನಿನ (ರಿಂಗಿನ ಹಿಂದಿನ ಗಡಿಗೆರೆ) ಒಳಅಂಚಿನಿಂದ 1.575 ಮೀಟರ್ ಇರಬೇಕು. ಇಲ್ಲವಾದರೆ ಕಂಬವೋ ಗೆರೆಯೋ ತಪ್ಪಿದೆ ಎಂದರ್ಥ, ಮೊದಲು ಅದನ್ನು ಸರಿಪಡಿಸಿ. ಆ ಗುರುತಿನಲ್ಲಿ 6.75 ಮೀಟರ್ ಹಗ್ಗ ಹಿಡಿದು ಕಮಾನು ಎಳೆಯಿರಿ. ಈ ಅಳತೆ ಗೆರೆಯ ಹೊರಅಂಚಿಗೆ, 5 ಸೆಂ.ಮೀ. ಅಗಲ ಒಳಕ್ಕೆ ಬರಬೇಕು. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ತಂತಿ ಅಥವಾ ಅಳತೆ ಟೇಪೇ ಒಳ್ಳೆಯದು. ಮೂಲೆಗಳಲ್ಲಿ ಕಮಾನು ನಿಲ್ಲಿಸಿ, ಸೈಡ್ ಲೈನಿನಿಂದ 90 ಸೆಂ.ಮೀ. ಒಳಗೆ ನೇರ ಗೆರೆ ಹಾಕಿ. ಎರಡೂ ಕೂಡುವುದು ಎಂಡ್ ಲೈನಿನಿಂದ 2.99 ಮೀಟರ್ ದೂರದಲ್ಲಿ. ಅಲ್ಲಿ ಕೂಡದಿದ್ದರೆ ಇನ್ನೊಮ್ಮೆ ಅಳೆಯಿರಿ.

ರಿಂಗಿನ ಎತ್ತರವನ್ನೂ ಟೇಪ್ ಹಿಡಿದೇ ನೋಡಬೇಕು. ಬಿರುಕು ಬಿಟ್ಟ ನೆಲಕ್ಕೆ ಎರಡಿಂಚು ಕಾಂಕ್ರೀಟ್ ಹಾಕಿದವರು ಬೋರ್ಡನ್ನು ಏರಿಸಲು ಮರೆಯುತ್ತಾರೆ, 3.05 ಮೀಟರ್ ಇರಬೇಕಾದ ರಿಂಗ್ 3 ಮೀಟರಿಗೆ ಇಳಿಯುತ್ತದೆ. ಹುಡುಗರು ಜೋತುಬಿದ್ದು ಮುಂದಕ್ಕೆ ಬಾಗಿದ ರಿಂಗಿನ ಕತೆಯೂ ಅದೇ. ಹಿಂದಿನ ಅಂಚು ಒಂದು ಎತ್ತರ, ಮುಂದಿನದು ಇನ್ನೊಂದು.

ಚೆಂಡು ಸಿಕ್ಕ ತಂಡ ಅಷ್ಟರೊಳಗೆ ರಿಂಗಿಗೆ ಎಸೆಯಲೇಬೇಕಾದ 24 ಸೆಕೆಂಡಿನ ಗಡಿಯಾರವಿಲ್ಲದೆ ಟೂರ್ನಿ ನಡೆಸುವುದಂತೂ ನಿಲ್ಲಲಿ. ಗಡಿಯಾರವಿಲ್ಲದಿದ್ದರೆ ಮುಂದಿರುವ ತಂಡ ಚೆಂಡನ್ನು ಕೈಯಲ್ಲೇ ಸುತ್ತಿಸುತ್ತಾ ಕಾಲ ಕಳೆಯುತ್ತದೆ. ಆ ರೂಢಿಯಲ್ಲೇ ವಲಯ ಮಟ್ಟಕ್ಕೆ ಹೋದ ನಮ್ಮ ಹುಡುಗರು ಸಮಯ ಮೀರಿ ಚೆಂಡು ಕಳೆದುಕೊಳ್ಳುತ್ತಾರೆ. ಗಡಿಯಾರದ ಫಲಕ ಕೊಳ್ಳಲಾಗದಿದ್ದರೆ ಸ್ಟಾಪ್‌ವಾಚ್ ಕೊಟ್ಟು ಒಬ್ಬರನ್ನು ಅದಕ್ಕೆಂದೇ ಕೂರಿಸಿ, ಕೊನೆಯ ಹತ್ತು ಸೆಕೆಂಡ್ ಕೂಗಿ ಎಣಿಸಲಿ. ಚೆಂಡು ರಿಂಗಿಗೆ ತಾಗಿ ಎಸೆದ ತಂಡಕ್ಕೇ ಮತ್ತೆ ಸಿಕ್ಕರೆ 24 ಅಲ್ಲ, 14ರಿಂದ ಎಣಿಸಬೇಕು. ತಪ್ಪಾಗುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ಕೋರ್ ಬರೆಯುವವರಿಗೇ ಈ ಕೆಲಸವನ್ನೂ ಹಚ್ಚಬೇಡಿ.

ಇಂತಿ,
ಕೆಲವು ಕಾಲೇಜು ಬ್ಯಾಸ್ಕೆಟ್‌ಬಾಲ್ ತರಬೇತುದಾರರು