ಅಳಿವೆ ಬಾಯಿ ಹತ್ರ ಕೈಟ್ ಬಿಡ್ಬೇಡಿ ಮಾರಾಯ್ರೆ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪೇಪರಿನ ಪ್ರವಾಸದ ಪುಟದಲ್ಲಿ ಉಡುಪಿ ಹತ್ರದ ನಮ್ಮ ಕೋಡಿ ಬೆಂಗ್ರೆ ಬಗ್ಗೆ ಬರೆದದ್ದು ಓದಿದೆ, ಖುಷಿ ಆಯ್ತು, ಒಂದು ಬದಿ ಕಡಲು ಒಂದು ಬದಿ ಹೊಳೆ ನಡುವೆ ಒಂದು ರೋಡು ಅಂತ ಚಂದ ಬರ್ದಿದ್ದೀರಿ, ಎಲ್ಲ ಸರಿ. ಆದ್ರೆ ಕೊನೆಗೆ ಒಂದು ಸಾಲು ಉಂಟು, "ಮಳೆಗಾಲದ ಬಿರುಸಿನ ಗಾಳಿ ಕೈಟ್ ಸರ್ಫಿಂಗ್‌ಗೆ ಹೇಳಿ ಮಾಡಿಸಿದ್ದು" ಅಂತ. ಅದನ್ನು ಓದಿ ಕೈಯಲ್ಲಿದ್ದ ಚಾ ಚೆಲ್ಲಿ ಹೋಯ್ತು. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗ್ಬಹುದು, ಕತ್ತರಿ ಹಾಕುದಿದ್ರೆ ಗಾಳಿ ವಿಷಯ ಬಿಟ್ಟು ಬೇರೆಲ್ಲಾದ್ರೂ ಹಾಕಿ.

ನಾನು ಮೀನುಗಾರರ ಮನೆಯವನು. ಹನ್ನೊಂದು ವರ್ಷ ದುಬೈಯಲ್ಲಿ ಕೆಲ್ಸ ಮಾಡಿದೆ, ಅಲ್ಲಿ ಕೈಟ್ ಬೀಚ್ ಅಂತಲೇ ಒಂದು ಜಾಗ ಉಂಟು, ರಜೆ ದಿನ ಅಲ್ಲಿ ಹೋಗಿ ಹೋಗಿ ಈ ಹುಚ್ಚು ಹಿಡೀತು. ಊರಿಗೆ ಬಂದ ಮೇಲೆ ನಾಲ್ಕು ಸೀಸನ್ ಇಲ್ಲೇ ಮಾಡಿದ್ದೇನೆ. ಗೊತ್ತಿಲ್ಲದವರಿಗೆ ಹೇಳುದಾದ್ರೆ, ಇದು ಮಕ್ಕಳ ಗಾಳಿಪಟ ಅಲ್ಲ, ಅಂಚಿನಲ್ಲಿ ಗಾಳಿ ತುಂಬಿಸಿದ ದೊಡ್ಡ ಪಟ, ಇಪ್ಪತ್ತು ಮೀಟರಿಗಿಂತ ಉದ್ದದ ನಾಲ್ಕು ದಾರ, ಸೊಂಟಕ್ಕೆ ಹಾರ್ನೆಸ್ ಅಂತ ಪಟ್ಟಿ, ಕಾಲಿಗೆ ಬೋರ್ಡ್, ಪಟ ಎಳೆದ ಹಾಗೆ ನೀರಿನ ಮೇಲೆ ಜಾರಿಕೊಂಡು ಹೋಗುದು. ಬಿದ್ದ ಪಟ ನೀರಿಂದ ಮತ್ತೆ ಏಳುವ ಹಾಗೆ ಮಾಡಿದ್ದು ಫ್ರಾನ್ಸಿನ ಲೆಗೆನ್ಯೂ ಅಣ್ಣತಮ್ಮಂದಿರು, 1984ರಲ್ಲಿ ಪೇಟೆಂಟ್ ಮಾಡಿಸಿದ್ರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮೊದಲ ಸಲ ಇದರ ರೇಸ್ ಇಟ್ರು, ನಡೆದದ್ದು ಮಾರ್ಸೇಯಲ್ಲಿ.

ಈಗ ನಮ್ಮ ಗಾಳಿಗೆ ಬರುವ. ನಮ್ಮ ಅಜ್ಜನ ಕಾಲದಲ್ಲಿ ಹಾಯಿದೋಣಿ, ಬೆಳಗಾತ ಮೂಡು ಗಾಳಿಗೆ ಹೋಗುದು ಮಧ್ಯಾಹ್ನ ಮೇಲೆ ಪಡು ಗಾಳಿಗೆ ಬರುದು, ಇಂಜಿನ್ ಖರ್ಚಿಲ್ಲ. ಅದೇ ಗಾಳಿ ಇವತ್ತಿಗೂ ಉಂಟು. ಫೆಬ್ರವರಿಯಿಂದ ಮೇ ಮಧ್ಯದ ತನಕ ಬಿಸಿಲಿಗೆ ನೆಲ ಕಾದು ಮೇಲಿನ ಗಾಳಿ ಎದ್ದು ಹೋಗ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ತದೆ, ಹನ್ನೆರಡಕ್ಕೆ ಸಣ್ಣಕ್ಕೆ ಶುರು, ಮೂರು ಮೂರೂವರೆಗೆ ಸರಿಯಾದ ಹದ, ಸೂರ್ಯ ಮುಳುಗುವಾಗ ಸ್ವಿಚ್ ಆಫ್ ಮಾಡಿದ ಹಾಗೆ ಬಂದ್. ನಮ್ಮ ಕಡೆ ಅದು ಬಡಗು ಪಡು (ವಾಯವ್ಯ) ಮೂಲೆಯಿಂದ ಬರ್ತದೆ, ಅಂದ್ರೆ ಕಡಲಿಗೆ ಮುಖ ಮಾಡಿ ನಿಂತ್ರೆ ಬಲಗೆನ್ನೆಗೆ ಹೊಡೀತದೆ. ಕೈಟಿನವರಿಗೆ ಬೇಕಾದ್ದೂ ಇದೇ, ಓರೆ ಗಾಳಿ, ಬಿದ್ರೂ ದಡಕ್ಕೇ ತಂದು ಹಾಕ್ತದೆ. ಹೆಚ್ಚಿನ ದಿನ 10ರಿಂದ 14 ನಾಟ್, ಅಂದ್ರೆ ಗಂಟೆಗೆ ಹದಿನೆಂಟು ಇಪ್ಪತ್ತಾರು ಕಿಲೋಮೀಟರ್ ಅಷ್ಟೆ. ಎಪ್ಪತ್ತು ಕೆಜಿಯ ನನ್ನಂಥವನಿಗೆ 12 ಚದರ ಮೀಟರ್ ಪಟ, ದೊಡ್ಡ ಬೋರ್ಡ್ ಬೇಕು, ಸಣ್ಣ 9 ಮೀಟರ್ ತಂದವರು ಮರಳಲ್ಲಿ ಕೂತು ಫೋಟೋ ತೆಗೆದು ಹೋಗುದು. ಮೊಬೈಲ್ ಆಪ್ ನಂಬಿ ಕೂತ್ರೆ ಮನೆಯಲ್ಲೇ ಕೂತ್ಕೊಳ್ಬೇಕು, ಅದರಲ್ಲಿ 8 ತೋರಿಸಿದ ದಿನ ಇಲ್ಲಿ 13 ಬಂದದ್ದು ನಾನೇ ಎಷ್ಟೋ ಸಲ ನೋಡಿದ್ದೇನೆ.

ಕೈಟಿಗೆ ಹೆಸರಾದ ತಮಿಳುನಾಡಿನ ರಾಮೇಶ್ವರದ ಹಾಗೆ ಇಲ್ಲೂ ಆಗ್ಲಿ ಅಂತ ಕೆಲವರು ಹೇಳ್ತಾರೆ. ಆಗುದಿಲ್ಲ. ಅಲ್ಲಿ ಒಂದು ಬದಿ ಪಾಕ್ ಕೊಲ್ಲಿ ಇನ್ನೊಂದು ಬದಿ ಮನ್ನಾರ್ ಕೊಲ್ಲಿ, ಗಾಳಿ ತಿರುಗಿದ ಹಾಗೆ ಜಾಗ ಬದಲಿಸಿದ್ರೆ ಎರಡೂ ಮಾನ್ಸೂನಿಗೆ ಸಮತಟ್ಟು ನೀರು ಸಿಗ್ತದೆ. ನಮ್ಮದು ಬಿಚ್ಚು ಕಡಲು. ಜೂನಲ್ಲಿ ಗಾಳಿ ಉಂಟು, ಇಲ್ಲ ಅಂದವರು ಯಾರು, ಆದ್ರೆ ಅದು ಪಡು ಬದಿಯಿಂದ ನೇರ ಎದೆಗೇ ಬರುದು, ಜೊತೆಗೆ ಆಳೆತ್ತರ ಮೀರಿದ ತೆರೆ, ತೆರೆ ಅಡಿಯಲ್ಲಿ ವಾಪಸ್ ಎಳೆಯುವ ನೀರು. ಗಾಳಿ 10 ನಾಟಿಂದ 20ಕ್ಕೆ ಹೋದ್ರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಇದನ್ನು ಯಾರೂ ಹೇಳುದಿಲ್ಲ. ಪಟ ಎತ್ತಿಕೊಂಡು ಹೋಗಿ ಹಾಕುದೆಲ್ಲಿಗೆ? ಕಡಲ್ಕೊರೆತಕ್ಕೆ ಹಾಕಿದ ಬಂಡೆ ಕಲ್ಲಿನ ಮೇಲೆ, ಇಲ್ಲಾ ತೆಂಗಿನ ಮರಕ್ಕೆ, ಇಲ್ಲಾ ಕರೆಂಟ್ ತಂತಿಗೆ. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟುಗಳೇ ಕಡಲಿಗೆ ಇಳಿಯುದಿಲ್ಲ, ಮಲ್ಪೆ ಬೀಚಿಗೆ ಮಳೆಗಾಲ ಬಂತು ಅಂದ್ರೆ ಬಲೆ ಕಟ್ಟಿ ಜನ ಇಳಿಯದ ಹಾಗೆ ಮಾಡ್ತಾರೆ, ಅಂಥ ಹೊತ್ತಿನಲ್ಲಿ ಕೈಟ್ ತನ್ನಿ ಅಂತ ನೀವು ಬರೆಯುದಾ?

ಇನ್ನು ಅಳಿವೆ. ನಮ್ಮ ಬೆಂಗ್ರೆಯ ಬಡಗು ತುದಿಯಲ್ಲಿ ಸುವರ್ಣಾ ಸೀತಾ ಎರಡೂ ಹೊಳೆ ಸೇರಿ ಕಡಲಿಗೆ ಬೀಳ್ತವೆ, ಆಚೆ ಹಂಗಾರಕಟ್ಟೆ ಬಂದರು, ಸಣ್ಣದಾದ್ರೂ ಹಳೇ ಬಂದರು. ಬಂದವರೆಲ್ಲ ಕಾರ್ ನಿಲ್ಲಿಸುದು ಆ ತುದಿಯಲ್ಲೇ, ಯಾಕೆಂದ್ರೆ ಅಲ್ಲಿ ಮರಳು ಅಗಲ, ನೋಡ್ಲಿಕ್ಕೆ ಚಂದ. ಕೈಟ್ ಬಿಡ್ಲಿಕ್ಕೆ ಅದರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ದೋಣಿ ವಾಪಸ್ ಬರುವ ಹೊತ್ತು, ಕೈಟಿಗೆ ಗಾಳಿ ಸಿಗುವ ಹೊತ್ತು ಎರಡೂ ಒಂದೇ. ಇಳಿತ ಇದ್ರಂತೂ ಹೊಳೆ ನೀರು ಕಡಲ ಕಡೆ ಓಡ್ತಾ ಇರ್ತದೆ, ಗಾಳಿ ನಿಂತು ಪಟ ಬಿತ್ತು ಅಂದ್ರೆ ಈಜಿ ಬರ್ತೇನೆ ಅನ್ನುದು ಸುಳ್ಳು, ನೀರು ನಿಮ್ಮನ್ನು ಪಡುವಕ್ಕೆ ಕರ್ಕೊಂಡು ಹೋಗ್ತದೆ, ಅಲ್ಲಿ ಮರಳ ದಿಬ್ಬದ ಮೇಲೆ ತೆರೆ ಒಡೀತಾ ಇರ್ತದೆ. ಹೊಳೆ ಬದಿ ನೀರು ಕನ್ನಡಿ ಹಾಗೆ ಉಂಟಲ್ಲ ಅಲ್ಲಿ ಮಾಡ್ಬಹುದಲ್ಲ ಅಂತ ಕೇಳುವವರೂ ಇದ್ದಾರೆ. ತೆಂಗಿನ ತೋಟ ದಾಟಿ ಬರುವ ಗಾಳಿ ಅಲ್ಲಿ ಒಮ್ಮೆ ಉಂಟು ಒಮ್ಮೆ ಇಲ್ಲ, ಸಾಲದ್ದಕ್ಕೆ ನೀರಲ್ಲಿ ಬಲೆಯ ಗೂಟಗಳು ಬೇರೆ.

ಕಳೆದ ಏಪ್ರಿಲಲ್ಲಿ ಆದದ್ದು ಹೇಳ್ತೇನೆ. ಬೆಂಗಳೂರಿನ ಇಬ್ರು ಹುಡುಗ್ರು, ಒಳ್ಳೆ ಹುಡುಗ್ರೇ, ತುದಿಯಲ್ಲೇ ಪಂಪ್ ಹೊಡೆದು ಪಟ ಎತ್ತಿದ್ರು. ನಾನು ಓಡಿ ಹೋಗಿ ಮುಟ್ಟುವಾಗ ಒಬ್ಬ ನೀರಲ್ಲಿ. ಹತ್ತು ನಿಮಿಷ ಚಂದ ಹೋಯ್ತು, ಮತ್ತೆ ಗಾಳಿ ಸಡಿಲ ಆಗಿ ಪಟ ಬಿತ್ತು, ದಾರ ನಾಲ್ಕೂ ಅಳಿವೆಯ ದಾರಿಗೆ ಅಡ್ಡ, ಒಳಗೆ ಬರ್ತಿದ್ದ ನಾಡದೋಣಿಯ ಪ್ರೊಪೆಲ್ಲರಿಗೆ ಸುತ್ತಿತು. ಇಂಜಿನ್ ಬಂದ್, ದೋಣಿ ತೆರೆಗೆ ಅಡ್ಡ ತಿರುಗಿತು, ಒಳಗೆ ನಾಲ್ಕು ಜನ ಮತ್ತು ದಿನದ ಮೀನು. ದೋಣಿಯ ಅಣ್ಣ ಚೂರಿಯಲ್ಲಿ ದಾರ ಕೊಯ್ದು ಹುಡುಗನ್ನೂ ಎಳೆದು ಹಾಕಿದ್ರು, ದೇವರು ದೊಡ್ಡವ. ಆಮೇಲೆ ದಡದಲ್ಲಿ ಬೈಗುಳ ಎಷ್ಟು ಬಿತ್ತು ಅಂತ ಪೇಪರಲ್ಲಿ ಬರೆಯುವ ಹಾಗಿಲ್ಲ. ಆ ಹುಡುಗ್ರದ್ದು ತಪ್ಪು ಅಂತ ನಾನು ಪೂರ್ತಿ ಹೇಳುದಿಲ್ಲ, ಅಲ್ಲಿ ಎಚ್ಚರಿಕೆಯ ಒಂದು ಬೋರ್ಡು ಸಹ ಇಲ್ಲ.

ಇನ್ನೊಂದು ವಿಷಯ, ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಸಂಜೆ ಹೊತ್ತು ಕಡಲು ನೋಡುದಲ್ಲ, ಹಿಂದೆ ತಿರುಗಿ ಘಟ್ಟ ನೋಡ್ಬೇಕು. ಮೂಡು ಬದಿ ಮೋಡ ಕಪ್ಪಾಗಿ ಗುಡುಗು ಕೇಳಿ ಕಡಲ ಗಾಳಿ ತಟ್ಟನೆ ನಿಂತ್ರೆ ಕೂಡ್ಲೆ ಪಟ ಇಳಿಸಿ. ಸ್ವಲ್ಪ ಹೊತ್ತಲ್ಲಿ ಗಾಳಿ ಉಲ್ಟಾ ಮೂಡಿಂದ ಹೊಡೀತದೆ, ಅದು ನಿಮ್ಮನ್ನು ಲಕ್ಷದ್ವೀಪದ ದಾರಿ ಹಿಡಿಸುವ ಗಾಳಿ. ಇದು ನಮ್ಮಲ್ಲಿ ಬಲೆ ಹೊಲಿಯುವ ಅಜ್ಜಂದಿರಿಗೂ ಗೊತ್ತು, ಮೂವತ್ತು ಸಾವಿರ ಕೊಟ್ಟು ಕೋರ್ಸ್ ಮಾಡಿದವರಿಗೆ ಗೊತ್ತಿಲ್ಲ.

ಹಾಗಂತ ಕೈಟ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ, ನಾನೇ ಹೋಗುವವ. ತುದಿಯಿಂದ ಒಂದೂವರೆ ಎರಡು ಕಿಲೋಮೀಟರ್ ತೆಂಕಕ್ಕೆ, ಹೂಡೆ ಕಡೆ, ಕಲ್ಲು ಹಾಕದೆ ಬರೀ ಮರಳಿರುವ ಜಾಗ ಉಂಟು. ಬಡಗು ಪಡು ಗಾಳಿ ನಿಮ್ಮನ್ನು ಅಲ್ಲಿಂದ ಇನ್ನೂ ತೆಂಕಕ್ಕೆ, ಅಂದ್ರೆ ಅಳಿವೆಯಿಂದ ದೂರವೇ ತಳ್ತದೆ. ಬೆಳಿಗ್ಗೆ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವ ಮೀನುಗಾರರು ಇರ್ತಾರೆ, ಮಧ್ಯಾಹ್ನದ ಮೇಲೆ ಸಾಧಾರಣ ಖಾಲಿ. ಅಲ್ಲಿ ನಾಲ್ಕು ಕಂಬ ನೆಟ್ಟು, ಒಂದರ ಮೇಲೆ ಏರ್‌ಪೋರ್ಟಲ್ಲಿ ಇರ್ತದಲ್ಲ ಬಟ್ಟೆಯ ಗಾಳಿ ಚೀಲ, ಅದೊಂದು ಕಟ್ಟಿದ್ರೆ ಸಾಕು, ದಿಕ್ಕೂ ಗೊತ್ತಾಗ್ತದೆ ಜೋರೂ ಗೊತ್ತಾಗ್ತದೆ. ತುದಿಯಲ್ಲಿ "ಇಲ್ಲಿ ಕೈಟ್ ಬಿಡಬಾರದು, ದೋಣಿ ದಾರಿ" ಅಂತ ಕನ್ನಡ ಇಂಗ್ಲಿಷ್ ಎರಡರಲ್ಲೂ ಬೋರ್ಡು. ದುಡ್ಡಿನ ಲೆಕ್ಕದಲ್ಲಿ ಇದೆಲ್ಲ ಒಂದು ಸೆಲ್ಫಿ ಪಾಯಿಂಟಿನ ಅರ್ಧಕ್ಕೂ ಬರುದಿಲ್ಲ. ಕರಾವಳಿ ಕಾವಲು ಪೊಲೀಸ್ ಕೇಂದ್ರ ಕಚೇರಿ ಇಲ್ಲೇ ಮಲ್ಪೆಯಲ್ಲಿ ಉಂಟು, ಅವರು, ಪಂಚಾಯ್ತಿ, ಮೀನುಗಾರರ ಸಂಘ ಮೂವರು ಒಂದು ಸಂಜೆ ಕೂತ್ರೆ ಮುಗೀತು. ಆದ್ರೆ ಜಾಗ ಗುರುತು ಮಾಡುವಾಗ ದೋಣಿಯವರನ್ನು ಕೇಳಿ ಮಾಡ್ಲಿ, ಆಫೀಸಲ್ಲಿ ಮ್ಯಾಪ್ ಮೇಲೆ ಗೆರೆ ಎಳೆದ್ರೆ ಆಗುದಿಲ್ಲ, ಅಳಿವೆಯ ಮರಳು ದಿಬ್ಬ ಪ್ರತಿ ಮಳೆಗಾಲ ಕಳೆದ ಮೇಲೆ ಬೇರೆ ಕಡೆ ಇರ್ತದೆ.

ನಿಮ್ಮ ವರದಿಗಾರರನ್ನು ಮಾರ್ಚಲ್ಲಿ ಒಮ್ಮೆ ಕಳಿಸಿ, ನಾನೇ ತೋರಿಸ್ತೇನೆ. ಫೋಟೋ ಬೇಕಾದ್ರೆ ಮಧ್ಯಾಹ್ನ ಮೂರರ ಮೇಲೆ ಬರ್ಲಿಕ್ಕೆ ಹೇಳಿ, ಬೆಳಿಗ್ಗೆ ಬಂದ್ರೆ ಬರೀ ಕಾಗೆ ಸಿಗುದು.

ಇಂತಿ,
ಕೋಡಿ ಬೆಂಗ್ರೆಯ ಒಬ್ಬ ಓದುಗ