ಆಟಿಯ ಆ ಮಳೆಗೆ ಓಡಿ ಬಂದವರಿಗೆಲ್ಲ

ಇದನ್ನು ಕಳೆದ ಜುಲೈಯಲ್ಲೇ ಬರೆಯಬೇಕಿತ್ತು. ಆಗ ಕೈತುಂಬ ಒದ್ದೆ ಪುಸ್ತಕಗಳಿದ್ದವು, ಆಮೇಲೆ ಒಣಗಿದ ಪುಸ್ತಕಗಳ ಕೆಲಸ ಬಂತು, ನೋಡ್ತಾ ನೋಡ್ತಾ ಮತ್ತೆ ಜೂನ್ ಬಂದಿದೆ. ನಾಳೆ 19, ವಾಚನಾ ದಿನ. ಕೇರಳದಲ್ಲಿ ಊರೂರಿಗೆ ಗ್ರಂಥಾಲಯ ಕಟ್ಟಿಸಿದ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನ ಅದು. ನಾಳೆ ಭಾಷಣ, ಹಾರ ಎಲ್ಲ ಇರುತ್ತದೆ. ಅದಕ್ಕೆ ಮೊದಲು ನನಗೆ ಥ್ಯಾಂಕ್ಸ್ ಹೇಳಿ ಮುಗಿಸಬೇಕು.

ನಾನು ಕಾಸರಗೋಡಿನಲ್ಲಿ ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ ಗ್ರಂಥಾಲಯದಲ್ಲಿ ಕನ್ನಡದ ಕಪಾಟುಗಳನ್ನು ನೋಡಿಕೊಳ್ಳುವವಳು. ಕಳೆದ ವರ್ಷ ವಾಚನಾ ವಾರದಲ್ಲಿ ನಾವು ಊರವರ ಹತ್ತಿರ ಒಂದು ಮಾತು ಕೇಳಿಕೊಂಡಿದ್ದೆವು. ಮನೆಯ ಅಟ್ಟದಲ್ಲಿ, ಪತ್ತಾಯದ (ಭತ್ತದ ಪೆಟ್ಟಿಗೆಯ) ಮೇಲೆ, ಹಳೆ ಟ್ರಂಕಿನಲ್ಲಿ ಕನ್ನಡದ ಕಾಗದ ಏನಿದ್ದರೂ ಬಿಸಾಡಬೇಡಿ, ಒಮ್ಮೆ ನಮಗೆ ತೋರಿಸಿ ಅಂತ. ಪುಸ್ತಕವೇ ಆಗಬೇಕೆಂದಿಲ್ಲ. ಶಾಲೆಯ ಸ್ಮರಣ ಸಂಚಿಕೆ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್, ಸಭೆಯ ಕರಪತ್ರ, ಮದುವೆ ಕಾಗದ, ಯಾವುದಾದರೂ ಸರಿ. ಇಂಥವನ್ನು ಯಾರೂ ಮಾರುವುದಿಲ್ಲ, ಹಾಗಾಗಿ ಯಾವ ದೊಡ್ಡ ಗ್ರಂಥಾಲಯವೂ ಕೊಂಡು ಇಟ್ಟಿರುವುದಿಲ್ಲ. ಮನೆಯಲ್ಲಿ ಒರಲೆ ತಿಂದರೆ ಅಲ್ಲಿಗೆ ಮುಗಿಯಿತು.

ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆಗಳಿಂದ ಜನ ಚೀಲ ಹಿಡಿದುಕೊಂಡು ಬಂದರು. ಕೆಲವರು ಬಸ್ಸಿನಲ್ಲಿ, ಕೆಲವರು ಆಟೋ ಮಾಡಿಕೊಂಡು. ಪೆರ್ಲದ ಕಡೆಯ ಒಬ್ಬರು ಅಜ್ಜಿ ಮೊಮ್ಮಗನ ಬೈಕಿನ ಹಿಂದೆ ಕೂತು ಬಂದಿದ್ದರು. ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ದಪ್ಪ ನೋಟ್‌ಪುಸ್ತಕ. ಅವರ ಯಜಮಾನರು ಯಕ್ಷಗಾನದ ಹವ್ಯಾಸಿ ಭಾಗವತರಾಗಿದ್ದರು, ಅಂದರೆ ಪದ ಹಾಡುವವರು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಪದಗಳನ್ನು ಪೂರ್ತಿ ಕೈಯಲ್ಲೇ ನಕಲು ಮಾಡಿಕೊಂಡಿದ್ದರು, ಶಾಯಿ ಪೆನ್ನಿನಲ್ಲಿ, ಸಾಲು ಸಾಲಾಗಿ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಏನೇನೋ ಗುರುತು. ಆಗ ನಾನು ಅದನ್ನು ಸರಿಯಾಗಿ ಓದಲೂ ಇಲ್ಲ. ರಸೀದಿ ಬರೆದುಕೊಟ್ಟೆ, ಕಪಾಟಿನಲ್ಲಿಟ್ಟೆ, ಸ್ಕ್ಯಾನ್ ಮಾಡುವವರ ಪಟ್ಟಿಯಲ್ಲಿ ಸೇರಿಸಿದೆ.

ಆಟಿಯ, ಅಂದರೆ ತುಳುವರ ಜಡಿಮಳೆಯ ತಿಂಗಳ, ಮೊದಲ ವಾರ. ಜಿಲ್ಲೆಗೆ ರೆಡ್ ಅಲರ್ಟ್, ಶಾಲೆ ಕಾಲೇಜಿಗೆ ರಜೆ. ಬೆಳಿಗ್ಗೆ ಆರಕ್ಕೆ ನಮ್ಮ ವಾಚ್‌ಮನ್ ಫೋನ್ ಮಾಡಿದರು. ಟೆರೇಸಿನ ರಿಪೇರಿಗೆ ಬಂದವರು ಮಳೆನೀರು ಇಳಿಯುವ ಪೈಪಿನ ಬಾಯಿಗೆ ಖಾಲಿ ಸಿಮೆಂಟ್ ಚೀಲ ಬಿಟ್ಟು ಹೋಗಿದ್ದರು. ರಾತ್ರಿಯಿಡೀ ಸುರಿದ ನೀರು ಮೇಲೆ ಕೆರೆಯಾಗಿ ನಿಂತು, ಗೋಡೆಯ ಬಿರುಕಿನಲ್ಲಿ ಇಳಿದು, ಕನ್ನಡದ ಕಪಾಟುಗಳ ಮೇಲೆ ಬಿದ್ದಿತ್ತು. ನಾನು ಹೋಗಿ ಮುಟ್ಟುವಾಗ ಮೇಲಿನ ಎರಡು ಸಾಲು ಉಬ್ಬಿ ಹೊರಗೆ ತೆಗೆಯಲೂ ಬಾರದಂತೆ ಬಿಗಿದು ಕೂತಿತ್ತು.

ಮೊದಲನೆಯ ಥ್ಯಾಂಕ್ಸ್ ಆ ವಾಚ್‌ಮನ್ ಅಣ್ಣನಿಗೆ. ನಾನು ಬರುವ ಮೊದಲೇ ಮೇಲೆ ಹತ್ತಿ ಚೀಲ ಎಳೆದು ತೆಗೆದಿದ್ದರು. ಆ ಮಳೆಯಲ್ಲಿ, ಜಾರುವ ಏಣಿಯಲ್ಲಿ. ಅವರಿಗೆ ಕನ್ನಡ ಓದಲು ಬರುವುದಿಲ್ಲ.

ಹಾಸ್ಟೆಲ್ ಗುಂಪಿಗೆ ಒಂದು ಮೆಸೇಜ್ ಹಾಕಿದ್ದೆ ಅಷ್ಟೇ. ಅರ್ಧ ಗಂಟೆಯಲ್ಲಿ ಮಕ್ಕಳು ಬಂದರು. ಬಂದವರಲ್ಲಿ ಜಾಸ್ತಿ ಮಲಯಾಳಂ ಮಾತಾಡುವವರು. ಕಣ್ಣೂರು, ಪಯ್ಯನ್ನೂರು, ನೀಲೇಶ್ವರದ ಹುಡುಗರು, ಹುಡುಗಿಯರು. ನಾವು ಬಳಸುವ ಡ್ಯೂವಿ ವರ್ಗೀಕರಣದಲ್ಲಿ ಮಲಯಾಳಂ ಸಾಹಿತ್ಯದ ಸಂಖ್ಯೆ 894.812, ಕನ್ನಡದ್ದು 894.814. ಹಾಗಾಗಿ ಎರಡೂ ಒಂದರ ಪಕ್ಕ ಒಂದು ನಿಂತಿವೆ. ಅವರು ಇಷ್ಟು ದಿನ ತಮ್ಮ ಪುಸ್ತಕಕ್ಕೆ ಬಂದು ಹೋಗುವಾಗ ನೋಡುತ್ತಿದ್ದ ಪಕ್ಕದ ಕಪಾಟು ಇದು. ತಮ್ಮ ಕಪಾಟಿಗೆ ಒಂದು ಹನಿಯೂ ಬಿದ್ದಿರಲಿಲ್ಲ. ಆದರೂ ಸಾಲಾಗಿ ನಿಂತು, "ಚೇಚೀ (ಅಕ್ಕಾ), ಇದೆಲ್ಲಿ ಇಡೋದು, ಇದೆಲ್ಲಿ" ಅಂತ ಕೇಳ್ತಾ ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ಕನ್ನಡದವಳಾಗಿ, ಅರ್ಜಿಯಿಂದ ಹಿಡಿದು ಬೋರ್ಡಿನವರೆಗೆ ಭಾಷೆಗಾಗಿ ಜಗಳ ಆಡಿಯೇ ದೊಡ್ಡವಳಾದವಳು ನಾನು. ಆ ಬೆಳಿಗ್ಗೆಯನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಒದ್ದೆಯಾದ ಪುಸ್ತಕಕ್ಕೆ ಸಮಯ ಬಹಳ ಕಡಿಮೆ. ಎರಡು ದಿನ ಕಳೆಯುವುದರೊಳಗೆ ಬೂಸ್ಟು ಹಿಡಿಯಲು ಶುರುವಾಗುತ್ತದೆ. ಬಿಸಿಲಿಗೆ ಹಾಕುವ ಹಾಗಿಲ್ಲ, ಕಾಗದ ಸೊಟ್ಟಗಾಗುತ್ತದೆ, ಬಣ್ಣ ಹೋಗುತ್ತದೆ. ಆಟಿಯಲ್ಲಿ ಬಿಸಿಲಾದರೂ ಎಲ್ಲಿತ್ತು? ಪುಸ್ತಕವನ್ನು ಬೀಸಣಿಗೆಯ ಹಾಗೆ ಬಿಡಿಸಿ ನಿಲ್ಲಿಸಬೇಕು, ಹಾಳೆಗಳ ನಡುವೆ ಒಣ ಕಾಗದ ಇಡಬೇಕು, ಒದ್ದೆಯಾದ ಹಾಗೆ ಬದಲಿಸುತ್ತಾ ಇರಬೇಕು, ಫ್ಯಾನಿನ ಗಾಳಿ ಸುಮಾರಾಗಿ ಬರಬೇಕು. ನುಣುಪು ಕಾಗದದ ಚಿತ್ರಪುಸ್ತಕಗಳದ್ದು ಇನ್ನೂ ಕಷ್ಟ, ಒಮ್ಮೆ ಅಂಟಿ ಒಣಗಿದರೆ ಇಟ್ಟಿಗೆಯೇ. ಒಂದೇ ದಿನದಲ್ಲಿ ಎಲ್ಲವನ್ನೂ ಹಾಗೆ ಒಣಗಿಸಲು ನಮ್ಮಲ್ಲಿ ಜಾಗವೂ ಇರಲಿಲ್ಲ, ಫ್ಯಾನೂ ಇರಲಿಲ್ಲ.

ಇದಕ್ಕೆ ಇರುವ ಒಂದು ದಾರಿ ಫ್ರೀಜ್ ಮಾಡುವುದು. ಪುಸ್ತಕ ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಬೂಸ್ಟು ಬೆಳೆಯುವುದಿಲ್ಲ, ಶಾಯಿ ಇನ್ನಷ್ಟು ಹರಡುವುದಿಲ್ಲ, ಆಮೇಲೆ ನಿಧಾನವಾಗಿ ಐದೋ ಹತ್ತೋ ತೆಗೆದು ಒಣಗಿಸಬಹುದು. ಇದನ್ನು ಒಬ್ಬ ವಿದ್ಯಾರ್ಥಿಗೆ ವಿವರಿಸುತ್ತಿದ್ದೆ. ಅವನು ಏನೂ ಹೇಳದೆ ಹೊರಗೆ ಹೋಗಿ, ರಸ್ತೆಯಾಚೆಯ ಐಸ್‌ಕ್ರೀಮ್ ಅಂಗಡಿಯವರನ್ನೇ ಕರೆದುಕೊಂಡು ಬಂದ. ಇಕ್ಕಾ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಮಳೆಗಾಲದಲ್ಲಿ ವ್ಯಾಪಾರ ಕಡಿಮೆ ಅಂತ ಹೇಳಿ ನೀವು ಒಂದು ಡೀಪ್ ಫ್ರೀಜರ್ ಪೂರ್ತಿ ಖಾಲಿ ಮಾಡಿ ಕೊಟ್ಟಿರಿ. ಕರೆಂಟ್ ಹೋದಾಗೆಲ್ಲ ಜನರೇಟರ್ ಹಾಕಿದಿರಿ. ಅಕ್ಟೋಬರ್‌ವರೆಗೆ ಒಂದು ಪೈಸೆ ತೆಗೆದುಕೊಂಡಿಲ್ಲ. ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಕನ್ನಡದ ಕಾವ್ಯ, ವ್ಯಾಕರಣ, ಪ್ರಸಂಗ ಪುಸ್ತಕ ಎಲ್ಲ ನಿಮ್ಮ ಅಂಗಡಿಯಲ್ಲಿ ಮೂರು ತಿಂಗಳು ಬದುಕಿದವು.

ಇನ್ನು ಆ ನೋಟ್‌ಪುಸ್ತಕ. ಅದು ಮೇಲಿನ ಸಾಲಿನಲ್ಲೇ ಇತ್ತು. ಬಿಡಿಸಿ ನೋಡುವಾಗ ನೀಲಿ ಶಾಯಿ ಪೂರ್ತಿ ಕದಡಿ ಹೋಗಿತ್ತು, ಪುಟಕ್ಕೆ ಪುಟವೇ ನೀಲಿ. ಅಜ್ಜಿ ಅಷ್ಟು ವರ್ಷ ಬಟ್ಟೆಯಲ್ಲಿ ಸುತ್ತಿ ಕಾಪಾಡಿದ್ದು ನಮ್ಮ ಕೈಗೆ ಬಂದು ಒಂದೇ ತಿಂಗಳಿಗೆ ಹೀಗಾಯಿತು. ಅವರಿಗೆ ಫೋನ್ ಮಾಡಿ ಹೇಳುವ ಧೈರ್ಯ ಬರಲು ನನಗೆ ಎರಡು ದಿನ ಬೇಕಾಯಿತು. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಕೇಳಿದ್ದು ಒಂದೇ, "ನೀನು ಉಂಡೆಯಾ ಮಗಳೇ?" ಆ ಮಾತಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಅಜ್ಜೀ, ಅವತ್ತು ನೀವು ಒಂದು ಬಿರುಸಾದ ಮಾತು ಆಡಿದ್ದರೂ ನಾನು ಈ ಕೆಲಸ ಬಿಡುತ್ತಿದ್ದೆ ಅನ್ನಿಸುತ್ತದೆ.

ಫ್ರೀಜರಿನಿಂದ ಆ ನೋಟ್‌ಪುಸ್ತಕವನ್ನು ಹೊರಗೆ ತೆಗೆದದ್ದು ಸೆಪ್ಟೆಂಬರಿನಲ್ಲಿ. ಒಂದೊಂದೇ ಹಾಳೆ ಬಿಡಿಸಿ ಒಣಗಿಸಿ, ಹರಿದ ಕಡೆ ತೆಳು ಜಪಾನೀ ಟಿಶ್ಯೂ ಕಾಗದ, ಗೋಧಿ ಗಂಜಿಯ ಅಂಟು. (ದಯವಿಟ್ಟು ಮನೆಯಲ್ಲಿ ಯಾರೂ ಹಳೆ ಪುಸ್ತಕಕ್ಕೆ ಸೆಲ್ಲೋಟೇಪ್ ಹಾಕಬೇಡಿ. ಅದು ಕಂದು ಕಲೆ ಬಿಟ್ಟು ಹೋಗುತ್ತದೆ, ಅದನ್ನು ಬಿಡಿಸುವಾಗ ಅಕ್ಷರವೂ ಎದ್ದು ಬರುತ್ತದೆ.) ಒಣಗಿದ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಗೊತ್ತಾಯಿತು, ಪೆನ್ಸಿಲ್ ಬರಹ ಹಾಗೇ ಇದೆ. ಒಂದು ಅಕ್ಷರವೂ ಹೋಗಿಲ್ಲ. ಶಾಯಿ ನೀರಿನಲ್ಲಿ ಕರಗುತ್ತದೆ, ಪೆನ್ಸಿಲಿನ ಕಡ್ಡಿ ಕರಗುವುದಿಲ್ಲ, ಅಷ್ಟೇ ಕಾರಣ. ಆದರೆ ಆ ಹೊತ್ತಿಗೆ ನನಗೆ ಕಣ್ಣು ತುಂಬಿ ಬಂತು.

ಯಾಕೆ ಅಂದರೆ, ನೀಲಿಯಲ್ಲಿ ಕದಡಿ ಹೋದ ಪದಗಳು ಪಾರ್ತಿಸುಬ್ಬನವು. ಅವು ಅಚ್ಚಾದ ಪ್ರಸಂಗ ಪುಸ್ತಕಗಳಲ್ಲಿ ಸಿಗುತ್ತವೆ. ಪೆನ್ಸಿಲಿನದ್ದು ಆ ಭಾಗವತರದ್ದೇ. ಒಂದು ಕಡೆ ಭೈರವಿ ರಾಗ ಹೊಡೆದು ಹಾಕಿ ಸಾವೇರಿ ಅಂತ ಬರೆದಿದ್ದಾರೆ. ಇನ್ನೊಂದು ಕಡೆ "ಇಲ್ಲಿ ಅರ್ಥಕ್ಕೆ ಬಿಡುವುದು" (ಪದ ನಿಲ್ಲಿಸಿ ಮಾತಿಗೆ ಬಿಡುವುದು), ಮತ್ತೊಂದು ಕಡೆ ತಾಳಕ್ಕೆ "ಝಂಪೆ, ಓಡಿಸಬಾರದು". ಯಾವ ಮನೆಯ ಜಗಲಿಯಲ್ಲಿ ಯಾವ ದಿನ ತಾಳಮದ್ದಳೆ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ) ಆಯಿತು ಅನ್ನುವುದೂ ಇದೆ. ಇದು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ.

ವರ್ಷದ ಬೇರೆ ಕೆಲಸಗಳಿಗೂ ಕೈ ಜೋಡಿಸಿದವರಿದ್ದಾರೆ, ಬೇಗ ಹೇಳಿಬಿಡುತ್ತೇನೆ. ನಮ್ಮ ಕಂಪ್ಯೂಟರ್ ಸೂಚಿಯಲ್ಲಿ ಕನ್ನಡ ಪುಸ್ತಕಗಳ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿತ್ತು, ಅದೂ ಒಬ್ಬೊಬ್ಬರು ಟೈಪ್ ಮಾಡಿದ್ದು ಒಂದೊಂದು ತರ. ಗೋವಿಂದ ಪೈ ಅಂತ ಕನ್ನಡದಲ್ಲಿ ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ, ಮಂಜೇಶ್ವರದ ಕವಿಯನ್ನು ಕಾಸರಗೋಡಿನಲ್ಲೇ ಹುಡುಕಲು ಆಗದಿದ್ದರೆ ಹೇಗೆ ಅಲ್ವಾ? ಎಂ.ಎ. ಮಕ್ಕಳು ದಿನಕ್ಕೆ ಒಂದು ಗಂಟೆ ಕೂತು ಕೋಹಾ ತಂತ್ರಾಂಶದಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಮತ್ತೆ ಹಾಕಿದರು. ಕವಿ ಪೈಗಳು ತೀರಿಕೊಂಡದ್ದು 1963ರಲ್ಲಿ. ನಮ್ಮ ಕಾನೂನಿನಲ್ಲಿ ಬರೆದವರು ತೀರಿದ ಮೇಲೆ 60 ವರ್ಷ ಕೃತಿಯ ಹಕ್ಕು (ಕಾಪಿರೈಟ್) ಇರುತ್ತದೆ, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಪುಸ್ತಕಗಳು 2024ರ ಜನವರಿ 1ರಿಂದ ಎಲ್ಲರವು. ನಮ್ಮಲ್ಲಿರುವ ಹಳೆ ಮುದ್ರಣಗಳನ್ನು ಸ್ಕ್ಯಾನ್ ಮಾಡಿದ್ದೇವೆ, ಬಂದು ಕೇಳಿ, ಕೊಡುತ್ತೇವೆ. ಕಯ್ಯಾರ ಕಿಞ್ಞಣ್ಣ ರೈಗಳದ್ದು ಹಾಗಲ್ಲ, ಅವರು ತೀರಿಕೊಂಡದ್ದು 2015ರಲ್ಲಿ. ಅವರ ಪುಸ್ತಕ ಬೇಕಾದರೆ ಕಪಾಟಿಗೇ ಬನ್ನಿ.

ಒಂದು ಮನೆಯವರು ಶ್ರೀತಾಳೆ ಓಲೆಯ ಕಟ್ಟು (ತಾಳೆಗರಿಯ ಹಸ್ತಪ್ರತಿ) ತಂದುಕೊಟ್ಟರು, ತುಳು-ತಿಗಳಾರಿ ಲಿಪಿಯದ್ದು. ನಿಂಬೆಹುಲ್ಲಿನ ಎಣ್ಣೆ ಹತ್ತಿಯಲ್ಲಿ ಅದ್ದಿ ಒರೆಸಿದರೆ ಓಲೆ ಮತ್ತೆ ಬಾಗುವ ಹಾಗಾಗುತ್ತದೆ, ಮುರಿಯುವುದಿಲ್ಲ. ಆ ಲಿಪಿ 2024ರ ಸೆಪ್ಟೆಂಬರಿನಲ್ಲಿ ಕಂಪ್ಯೂಟರಿನ ಅಕ್ಷರಗಳ ಮಾನಕವಾದ ಯೂನಿಕೋಡಿಗೆ ಸೇರಿದೆ. ಓದಲು ಕಲಿಸಿಕೊಟ್ಟ ನಿವೃತ್ತ ಮಾಸ್ಟ್ರಿಗೆ ನಮಸ್ಕಾರ. ಪ್ರತಿ ಶನಿವಾರ ಎರಡು ಬಸ್ ಬದಲಿಸಿ ಬರುತ್ತಿದ್ದರು.

ನವೆಂಬರ್ 1ಕ್ಕೆ ಒಂದು ಮೇಜಿನ ಮೇಲೆ ನೀವೆಲ್ಲ ಕೊಟ್ಟ ಕರಪತ್ರಗಳನ್ನು ಇಟ್ಟೆವು. ಕೇರಳ ಹುಟ್ಟಿದ ದಿನ, ಕರ್ನಾಟಕ ರಾಜ್ಯೋತ್ಸವ, ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾದ ದಿನ, ಎಲ್ಲ ಒಂದೇ. ಚಂದ್ರಗಿರಿ ಹೊಳೆಯ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ವರದಿ ಹೇಳಿದ್ದು ನಮ್ಮ ಮಕ್ಕಳಲ್ಲಿ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಅಜ್ಜಂದಿರು ಮನೆಯಲ್ಲಿ ಹೇಳುತ್ತಿದ್ದ ಮಾತು ಕಾಗದದ ಮೇಲೆ ಇರುವುದನ್ನು ನೋಡಿ ಒಬ್ಬ ಹುಡುಗ ಫೋಟೋ ತೆಗೆದು ಅಜ್ಜನಿಗೆ ಕಳಿಸಿದ. ಮಲಯಾಳಂ ಮಕ್ಕಳೂ ನಿಂತು ಕೇಳಿದರು, ಪ್ರಶ್ನೆ ಕೇಳಿದರು. ಜಗಳ ಆಗಲಿಲ್ಲ.

ಆ ದಿನವೇ ಬಂದವಳು ಒಬ್ಬಳು ಹುಡುಗಿ. ಬಿ.ಎ. ಮೊದಲ ವರ್ಷ. ಮನೆಯಲ್ಲಿ ತುಳು, ಶಾಲೆ ಮಲಯಾಳಂ. ಕನ್ನಡ ಮಾತಾಡುತ್ತಾಳೆ, ಓದಲು ಬರುತ್ತಿರಲಿಲ್ಲ. ಭಾಗವತಿಕೆ ಕಲಿಯುತ್ತಿದ್ದಾಳೆ, ಪದಗಳನ್ನೆಲ್ಲ ಮಲಯಾಳಂ ಲಿಪಿಯಲ್ಲಿ ಬರೆದುಕೊಂಡು. ಅವಳಿಗೆ ಆ ನೋಟ್‌ಪುಸ್ತಕ ತೋರಿಸಿದೆ. ಅವತ್ತಿನಿಂದ ಊಟದ ಬಿಡುವಿನಲ್ಲಿ ಬಂದು ಅಕ್ಷರ ಕಲಿತಳು, ನಮ್ಮ ಎಂ.ಎ. ಮಕ್ಕಳೇ ಕಲಿಸಿದರು. ಅವಳ ಕನ್ನಡ ಅಕ್ಷರಮಾಲೆ ಶುರುವಾದದ್ದು ಸಾವೇರಿಯ ಸಾ ಇಂದ.

ಫೆಬ್ರವರಿಯಲ್ಲಿ ಅವಳನ್ನು ಪೆರ್ಲಕ್ಕೆ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿ ದೊಡ್ಡದಾಗಿ ಪ್ರಿಂಟ್ ತೆಗೆದ ಪುಟಗಳನ್ನು ಅಜ್ಜಿಗೆ ಕೊಟ್ಟೆವು, ಮೂಲವನ್ನೂ ತೋರಿಸಿದೆವು. ಜಗಲಿಯಲ್ಲಿ ಕೂತು ಅವಳು ಎರಡು ಪದ ಹಾಡಿದಳು, ಪೆನ್ಸಿಲ್‌ನಲ್ಲಿ ಹೇಳಿದ ಹಾಗೆ, ಸಾವೇರಿಯಲ್ಲಿ. ಅಜ್ಜಿ ಕಂಬಕ್ಕೆ ಒರಗಿ ಕೇಳಿದರು. ಒಂದು ಕಡೆ ಕೈಯೆತ್ತಿ ನಿಲ್ಲಿಸಿ, "ಇಲ್ಲಿ ಅವರು ಉಸಿರು ತೆಗೆದುಕೊಳ್ಳುತ್ತಿರಲಿಲ್ಲ" ಅಂದರು. ಅವಳು ಬ್ಯಾಗಿನಿಂದ ಪೆನ್ಸಿಲ್ ತೆಗೆದು ಪ್ರಿಂಟಿನ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡಳು.

ಅಜ್ಜಿ ಪ್ರತಿ ವಾರ ಫೋನ್ ಮಾಡುತ್ತಾರೆ. ಜುಲೈಯಿಂದ ಜನವರಿವರೆಗೆ ಕೇಳುತ್ತಿದ್ದದ್ದು "ಪುಸ್ತಕ ಹೇಂಗಿದ್ದು?" ಅಂತ. ಈಗ ಕೇಳುವುದು, "ಆ ಕೂಸು ಹೇಂಗಿದ್ದು?"